ತಪಾಸಣೆ ಯಾರಿಗೆ?

ನಮ್ಮ ಮದಲೂರಿನ ಕಡೆಯವರಿಗೆ 'ತಪಾಸಣೆ' ಎಂಬ ಮಾತು ಕೇಳಿದೊಡನೆ ನೆನಪಾಗುವುದು ಆಸ್ಪತ್ರೆಯಲ್ಲ, ಶಿರಾ ಪಕ್ಕದ ಹೆದ್ದಾರಿ. ಹಿಂದೆ ನಾಲ್ಕನೇ ನಂಬರಿನ ರಸ್ತೆ ಎನಿಸಿಕೊಂಡಿದ್ದು, ಈಗ ರಾಷ್ಟ್ರೀಯ ಹೆದ್ದಾರಿ 48 ಆಗಿರುವ ಬೆಂಗಳೂರು-ಪುಣೆ ರಸ್ತೆಯಲ್ಲಿ ಪೊಲೀಸರು ಲಾರಿ ನಿಲ್ಲಿಸಿ ಕಾಗದಪತ್ರ ಕೇಳಿದರೆ ಅದು ತಪಾಸಣೆ. ಹೆಂಗಸರನ್ನು ಸಾಲಾಗಿ ಕೂರಿಸಿ ರಕ್ತ ತೆಗೆದು, ಒಳಪರೀಕ್ಷೆ ಮಾಡಿ, ಲೈಂಗಿಕ ಸೋಂಕು ಇದೆಯೇ ಎಂದು ನೋಡುವುದಕ್ಕೂ ಕನ್ನಡದಲ್ಲಿ ನಾವು ಇದೇ ಪದವನ್ನು ಬಳಸುತ್ತೇವೆ. ಇದು ಭಾಷೆಯ ಬಡತನ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆನಿಸುವುದಿಲ್ಲ. ಎರಡಕ್ಕೂ ಒಂದೇ ಪದ ಬಂದಿರುವುದರಲ್ಲಿ ಒಂದು ಚರಿತ್ರೆ ಅಡಗಿದೆ.

ಸುಮಾರು ಹದಿಮೂರು ವರ್ಷಗಳ ಹಿಂದೆ ನನ್ನ ಭಾಭಿಯನ್ನು ಕರೆದುಕೊಂಡು ಒಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಯಾವ ಊರು ಎಂಬುದು ಇಲ್ಲಿ ಬೇಡ. ಅವಳಿಗೆ ಮೂರು ತಿಂಗಳಿಂದ ಬಿಳಿಸೆರಗು ಹೋಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿಕೊಳ್ಳದೆ, ಮೆಂತ್ಯದ ನೀರು ಕುಡಿದು ನೋಡಿ, ಕೊನೆಗೆ ನನಗೆ ಹೇಳಿದ್ದಳು. ಬೆಂಚಿನ ಮೇಲೆ ನಮ್ಮ ಪಕ್ಕ ಇನ್ನೊಬ್ಬ ಹೆಂಗಸು ಕೂತಿದ್ದಳು. ಭಾಭಿ ಬುರ್ಖಾದಲ್ಲಿದ್ದಳು. ಆಕೆ ತಲೆತುಂಬ ಹೂ ಮುಡಿದು ಮಿರುಗುವ ಸೀರೆ ಉಟ್ಟಿದ್ದಳು. ಮಾತಾಡಿಸಿದಾಗ ಗೊತ್ತಾಯಿತು, ಇಬ್ಬರ ತೊಂದರೆಯೂ ಒಂದೇ. ಸರದಿ ಬಂದಾಗ ಅಲ್ಲಿನ ನರ್ಸಮ್ಮ ಆಕೆಯನ್ನು ಬಾಗಿಲಾಚೆಗೂ ಕೇಳುವಂತೆ ಕೇಳಿದರು: 'ದಿನಕ್ಕೆ ಎಷ್ಟು ಜನ ಬರ್ತಾರೆ?' ಭಾಭಿಯನ್ನು ಏನೂ ಕೇಳಲಿಲ್ಲ. 'ಇವರು ಮನೆ ಹೆಂಗಸು, ಇವರಿಗೆ ಅಂಥದ್ದೇನೂ ಇರಲ್ಲ ಬಿಡಿ' ಎಂದು ನನಗೆ ಸಮಾಧಾನ ಹೇಳಿ ಹಸಿರು ಪೊಟ್ಟಣವೊಂದನ್ನು ಕೊಟ್ಟರು. ಆ ಮನೆ ಹೆಂಗಸಿನ ಗಂಡ, ಅಂದರೆ ನನ್ನ ಅಣ್ಣ, ಲಾರಿ ಡ್ರೈವರ್. ತಿಂಗಳಲ್ಲಿ ಇಪ್ಪತ್ತು ದಿನ ಅದೇ ಹೆದ್ದಾರಿಯಲ್ಲಿ ಇರುತ್ತಿದ್ದ. ಗಂಡ ಏನು ಕೆಲಸ ಮಾಡುತ್ತಾನೆ ಎಂಬ ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು.

ಆರು ತಿಂಗಳ ನಂತರ ಭಾಭಿಗೆ ಕಿಬ್ಬೊಟ್ಟೆ ಹಿಡಿದುಕೊಂಡು ನಡೆಯುವಂತಾಯಿತು. ತುಮಕೂರಿನ ಖಾಸಗಿ ಡಾಕ್ಟರೊಬ್ಬರು ನೋಡಿ, ಸೋಂಕು ಗರ್ಭಕೋಶದ ಕೊಳವೆಗಳವರೆಗೆ ಏರಿದೆ, ಗಂಡನನ್ನೂ ಕರೆದುಕೊಂಡು ಬನ್ನಿ ಎಂದರು. ಅವನು ಬರಲಿಲ್ಲ. ಇದನ್ನು ಯಾರನ್ನೋ ದೂರುವುದಕ್ಕೆ ಬರೆಯುತ್ತಿಲ್ಲ. ಬೆಳಗಿನಿಂದ ಲೆಕ್ಕವಿಲ್ಲದಷ್ಟು ಜನರನ್ನು ನೋಡಿ ದಣಿದ ಆ ನರ್ಸಮ್ಮನಿಗೆ ಇಬ್ಬರ ವೇಷವನ್ನು ಓದುವುದಷ್ಟೇ ಸಾಧ್ಯವಿತ್ತು. ನನ್ನ ಪ್ರಶ್ನೆ ಬೇರೆ. ಹೂ ಮುಡಿದವಳು ಅಪಾಯ, ಬುರ್ಖಾ ಹಾಕಿದವಳು ಸುರಕ್ಷಿತ ಎಂದು ಓದುವ ಈ ಓದನ್ನು ನಮಗೆ ಕಲಿಸಿದವರು ಯಾರು?

ಮೊದಲು ರೋಗದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಉರ್ದು ಕಲಿತವರಿಗೆ ಯುನಾನಿ ಹಕೀಮರ 'ಸೋಜಾಕ್', 'ಆತಶಕ್' ಎಂಬ ಹೆಸರುಗಳು ಗೊತ್ತಿರುತ್ತವೆ. ಮೊದಲನೆಯದು ಗೊನೋರಿಯಾ, ಎರಡನೆಯದು ಸಿಫಿಲಿಸ್. ಸಿಫಿಲಿಸ್‌ಗೆ ನಮ್ಮ ಆಯುರ್ವೇದದವರು ಇಟ್ಟ ಹೆಸರು 'ಫಿರಂಗಿ ರೋಗ'. ಪೋರ್ಚುಗೀಸರ ಜತೆ ಬಂದದ್ದೆಂಬ ಕಾರಣಕ್ಕೆ ಬಂದ ಹೆಸರಿದು. ರೋಗಕ್ಕೆ ಹೆಸರಿಡುವಾಗ ಅದು ಯಾವಾಗಲೂ ಇನ್ನೊಬ್ಬರಿಂದ ಬಂದದ್ದು ಎಂದೇ ಮನುಷ್ಯ ಹೇಳಿಕೊಂಡಿದ್ದಾನೆ. ಇವುಗಳ ಜತೆಗೆ ಕ್ಲಮೈಡಿಯಾ ಮತ್ತು ಟ್ರೈಕೊಮೋನಾಸ್ ಸೇರಿದರೆ, ಔಷಧಿಯಿಂದ ಪೂರ್ತಿ ವಾಸಿಯಾಗಬಲ್ಲ ನಾಲ್ಕು ಸೋಂಕುಗಳಾಗುತ್ತವೆ. 2020ರಲ್ಲಿ ಜಗತ್ತಿನಲ್ಲಿ ಈ ನಾಲ್ಕರ ಹೊಸ ಸೋಂಕುಗಳು ಸುಮಾರು 37 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಎಂದರೆ ದಿನಕ್ಕೆ ಹತ್ತು ಲಕ್ಷಕ್ಕಿಂತ ಹೆಚ್ಚು.

ಗಂಡಸಿನಲ್ಲಿ ಗೊನೋರಿಯಾ ಸಾಮಾನ್ಯವಾಗಿ ಉರಿ, ಕೀವು ತಂದು ತಾನಾಗಿಯೇ ಹೇಳಿಕೊಳ್ಳುತ್ತದೆ. ಹೆಣ್ಣಿನಲ್ಲಿ ಅದೂ, ಕ್ಲಮೈಡಿಯಾವೂ ಹೆಚ್ಚಿನ ಸಲ ಯಾವ ಲಕ್ಷಣವನ್ನೂ ತೋರಿಸದೆ ಗರ್ಭಕೋಶದ ಕೊರಳಿನಲ್ಲಿ ಕೂತಿರುತ್ತವೆ. ಮುಂದೆ ಬಂಜೆತನಕ್ಕೆ, ಕೊಳವೆಯಲ್ಲಿ ಗರ್ಭ ನಿಲ್ಲುವುದಕ್ಕೆ ಕಾರಣವಾಗುತ್ತವೆ. ಸಿಫಿಲಿಸ್ ಇರುವ ಬಸುರಿಗೆ ಚಿಕಿತ್ಸೆ ಸಿಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು. ಕೊರಳಿನ ಸೋಂಕನ್ನು ಖಚಿತವಾಗಿ ಹಿಡಿಯಲು ಒಳ್ಳೆಯ ಪ್ರಯೋಗಾಲಯ ಬೇಕು. ಬಡದೇಶಗಳಲ್ಲಿ ಅದು ಸಿಗುವುದು ಕಷ್ಟ. ಆದ್ದರಿಂದ ಬಂದದ್ದು ಲಕ್ಷಣ ನೋಡಿ ಔಷಧಿ ಕೊಡುವ ಪದ್ಧತಿ. ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇದಕ್ಕಾಗಿ ಬಣ್ಣಬಣ್ಣದ ಪೊಟ್ಟಣಗಳನ್ನು ಮಾಡಿತು. ಗರ್ಭಕೋಶದ ಕೊರಳಿನ ಸೋಂಕಿಗೆ ಬೂದು, ಯೋನಿಯ ಸೋಂಕಿಗೆ ಹಸಿರು, ಹುಣ್ಣಿಗೆ ಬಿಳಿ, ಕಿಬ್ಬೊಟ್ಟೆ ನೋವಿಗೆ ಹಳದಿ. ಪ್ರಯೋಗಾಲಯವಿಲ್ಲದ ಹಳ್ಳಿಗಾಡಿಗೆ ಇದು ದೊಡ್ಡ ಅನುಕೂಲ. ತಾಂಜಾನಿಯಾದ ಮ್ವಾನ್ಝಾ ಪ್ರದೇಶದ ಹಳ್ಳಿಗಳಲ್ಲಿ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಇಂಥ ಚಿಕಿತ್ಸೆಯನ್ನು ಸುಧಾರಿಸಿದಾಗ ಹೊಸ ಎಚ್.ಐ.ವಿ. ಸೋಂಕು ಸುಮಾರು ನೂರಕ್ಕೆ 40ರಷ್ಟು ತಗ್ಗಿದ್ದು 1995ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು.

ಆದರೆ ಬಿಳಿಸೆರಗು ಎಂಬ ಒಂದೇ ಲಕ್ಷಣದಿಂದ ಬೂದು ಪೊಟ್ಟಣ ಬೇಕೋ ಹಸಿರು ಸಾಕೋ ಎಂದು ಹೇಳಲು ಬರುವುದಿಲ್ಲ. ಲಕ್ಷಣವೇ ಇಲ್ಲದವಳು ಈ ಪದ್ಧತಿಯ ಕಣ್ಣಿಗೆ ಬೀಳುವುದೂ ಇಲ್ಲ. ಪ್ರಯೋಗಾಲಯ ಹೇಳಬೇಕಾದದ್ದನ್ನು ಇಲ್ಲಿ 'ರಿಸ್ಕ್' ಎಂಬ ಮಾತು ಹೇಳಬೇಕಾಗುತ್ತದೆ. ಅವಳಿಗೆ ಎಷ್ಟು ಜನ? ಅವಳ ಗಂಡನಿಗೆ ರೋಗವಿದೆಯೇ? ಉತ್ತರ ನೋಡಿ ಔಷಧಿ. ವಿಜ್ಞಾನ ಕೈಚೆಲ್ಲಿದ ಜಾಗಕ್ಕೆ ಸಮಾಜದ ನೋಟ ಒಳಬರುವುದು ಹೀಗೆ. ಮೊದಲನೆಯ ಪ್ರಶ್ನೆಯನ್ನು ಹೂ ಮುಡಿದವಳಿಗೆ ಗಟ್ಟಿಯಾಗಿ ಕೇಳುತ್ತೇವೆ. ಎರಡನೆಯ ಪ್ರಶ್ನೆಯನ್ನು ಮನೆ ಹೆಂಗಸಿಗೆ ಕೇಳಲು ನಮ್ಮ ನಾಲಗೆ ಏಳುವುದಿಲ್ಲ.

ಕಥೆ ಬರೆಯುವವಳಾದ ನನಗೆ ಈ ಕಾರ್ಯಕ್ರಮಗಳ ಅಂಕಿಗಳಿಗಿಂತ ಅವುಗಳ ಪದಗಳು ಹೆಚ್ಚು ಕಾಡುತ್ತವೆ. ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳು 'ಹೈ ರಿಸ್ಕ್ ಗುಂಪು'. ಲಾರಿಯವರು, ಗುಳೆ ಹೋಗುವ ಕೂಲಿಗಳು 'ಸೇತುವೆ ಜನ'. ನನ್ನ ಭಾಭಿಯಂಥವರು 'ಸಾಮಾನ್ಯ ಜನ'. ರೋಗ ಎಲ್ಲಿ ದಟ್ಟವಾಗಿದೆಯೋ ಅಲ್ಲಿ ದುಡ್ಡು, ಔಷಧಿ ಹಾಕಬೇಕು ಎಂಬ ತರ್ಕ ಇದರ ಹಿಂದಿದೆ. ಆ ತರ್ಕ ಸುಳ್ಳಲ್ಲ. ಆದರೆ ಪದಗಳು ಮಾಡುವ ಕೆಲಸವನ್ನು ನೋಡಿ. ರೋಗದ ಮನೆ ಅವಳದು. ಗಂಡಸು ಬರೀ ಸೇತುವೆ. ಸೇತುವೆ ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಅದರ ಮೇಲೆ ಬೇರೆಯವರು ದಾಟುತ್ತಾರೆ. ಹಣ ಕೊಟ್ಟು ಬಾಗಿಲು ತಟ್ಟಿ, ಕಾಂಡೋಮ್ ಬೇಡವೆಂದು ಹಟ ಹಿಡಿದು, ಮರುದಿನ ಲಾರಿ ಹತ್ತಿ ಹೆಂಡತಿಯ ಹತ್ತಿರ ಹೋಗುವವನು ಈ ವ್ಯಾಕರಣದಲ್ಲಿ ಕರ್ತೃವೇ ಅಲ್ಲ. ಅವಳಿಗೆ ರೋಗ ತಂದವನೂ ಒಬ್ಬ ಗಂಡಸು ಎಂಬ ಸಾದಾ ಸತ್ಯ ವಾಕ್ಯದಿಂದ ಬಿದ್ದುಹೋಗಿದೆ.

ಈ ವ್ಯಾಕರಣ ಇಂದಿನದಲ್ಲ. 1868ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ಉದ್ದೇಶ ಗೋರಾ ಸಿಪಾಯಿಗಳನ್ನು ಗುಹ್ಯರೋಗದಿಂದ ಕಾಪಾಡುವುದು. ಅದಕ್ಕೆ ಮಾಡಿದ ಉಪಾಯ, ವೇಶ್ಯೆಯರ ಹೆಸರು ನೋಂದಾಯಿಸಿ ಅವರನ್ನು ಅವಧಿಗೊಮ್ಮೆ ಕಡ್ಡಾಯವಾಗಿ ಪರೀಕ್ಷಿಸುವುದು, ರೋಗವಿದ್ದವರನ್ನು 'ಲಾಕ್ ಆಸ್ಪತ್ರೆ'ಯಲ್ಲಿ ಇರಿಸುವುದು. ನಮ್ಮ ಬೆಂಗಳೂರು ದಂಡಿನ ಪ್ರದೇಶದಲ್ಲೂ ಅಂಥ ಲಾಕ್ ಆಸ್ಪತ್ರೆ ಇತ್ತು. ಅವಳ ಬಳಿ ಹೋಗುವ ಗಂಡಸನ್ನು ಪರೀಕ್ಷಿಸುವ ಮಾತು ಆ ಕಾಯ್ದೆಯಲ್ಲಿರಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಮುಂತಾದ ಹೆಂಗಸರು ಇಂಥ ಕಾಯ್ದೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ ಮೇಲೆ ಅಲ್ಲಿ 1886ರಲ್ಲಿ, ಇಲ್ಲಿ 1888ರಲ್ಲಿ ಅದು ರದ್ದಾಯಿತು.

ಕಾಯ್ದೆ ಹೋಯಿತು, ನೋಟ ಹೋಗಲಿಲ್ಲ. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ಯುವ ಸಂಶೋಧಕಿ ಭಾರತದ ಮೊದಲ ಎಚ್.ಐ.ವಿ. ಪ್ರಕರಣಗಳನ್ನು ಪತ್ತೆಹಚ್ಚಿದರು. ಅವರು ರಕ್ತ ಸಂಗ್ರಹಿಸಿದವರಲ್ಲಿ ರಿಮ್ಯಾಂಡ್ ಹೋಮಿನಲ್ಲಿದ್ದ ಹೆಣ್ಣುಮಕ್ಕಳಿದ್ದರು. ವೈದ್ಯಕೀಯವಾಗಿ ಅದು ದೊಡ್ಡ ಕೆಲಸ, ಅದರಿಂದ ದೇಶ ಎಚ್ಚರಗೊಂಡಿತು. ಆದರೆ ಸೋಂಕು ಇದೆಯೆಂಬ ಕಾರಣಕ್ಕೇ ಹೆಣ್ಣುಮಕ್ಕಳನ್ನು ಅವಧಿ ಮುಗಿದ ಮೇಲೂ ಬಿಡದೆ ಕೂಡಿಹಾಕಲಾಯಿತು. ಪತ್ರಕರ್ತೆ ಶ್ಯಾಮಲಾ ನಟರಾಜ್ ನ್ಯಾಯಾಲಯಕ್ಕೆ ಹೋಗಿ, 1990ರಲ್ಲಿ ಮದ್ರಾಸ್ ಹೈಕೋರ್ಟು ಹೇಳಿದ ಮೇಲೆಯೇ ಅವರ ಬಿಡುಗಡೆಯಾದದ್ದು. ಅದೇ 1986ರಲ್ಲಿ ಅನೈತಿಕ ವ್ಯವಹಾರ ತಡೆ ಕಾಯ್ದೆಗೆ ಒಂದು ತಿದ್ದುಪಡಿ ಬಂತು. ದಾಳಿಯಲ್ಲಿ ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ತಂದವರನ್ನು, ವಯಸ್ಸಿಗಾಗಿ, ಲೈಂಗಿಕ ಹಿಂಸೆಯ ಗಾಯಕ್ಕಾಗಿ ಅಥವಾ ಲೈಂಗಿಕ ರೋಗಕ್ಕಾಗಿ ವೈದ್ಯರು ಪರೀಕ್ಷಿಸಬೇಕು ಎನ್ನುತ್ತದೆ ಅದರ 15ನೇ ಕಲಮು. ಅವಳು ಒಪ್ಪಿದಳೇ ಎಂಬ ಮಾತಿಲ್ಲ. ಗಾಯ ಹುಡುಕುವುದು ಅವಳ ಪರವಾದ ಕೆಲಸ. ರೋಗ ಹುಡುಕುವುದು ಯಾರ ಪರ? ಪೊಲೀಸಿನ ತಪಾಸಣೆಯೂ ವೈದ್ಯರ ತಪಾಸಣೆಯೂ ಒಂದೇ ಪದವಾದ ಚರಿತ್ರೆ ಇದು.

ಈ ನೋಟವನ್ನು ನನಗೆ ಮೊದಲು ಕಾಣಿಸಿದವರು ಡಾಕ್ಟರಲ್ಲ, ಸಾದತ್ ಹಸನ್ ಮಂಟೋ. ಅವರ 'ಹತಕ್' ಕಥೆಯಲ್ಲಿ ಸೌಗಂಧಿ ಎಂಬ ವೇಶ್ಯೆಯನ್ನು ನಡುರಾತ್ರಿ ಎಬ್ಬಿಸಿ ರಸ್ತೆಗೆ ಕರೆತರುತ್ತಾರೆ. ಮೋಟಾರಿನಲ್ಲಿ ಕೂತ ಸೇಠ್ ಅವಳ ಮುಖಕ್ಕೆ ಟಾರ್ಚು ಬಿಟ್ಟು ನೋಡಿ, ಬೇಡವೆಂಬ ಒಂದು ಸದ್ದು ಮಾಡಿ ಹೊರಟುಹೋಗುತ್ತಾನೆ. ಕಥೆಯೆಲ್ಲ ಆ ಟಾರ್ಚಿನ ಗಾಯದ್ದು. ಅವಳ ಮೇಲೆ ಬೆಳಕು ಬೀಳುತ್ತದೆ, ಬೆಳಕು ಹಿಡಿದವನು ಕತ್ತಲಲ್ಲೇ ಉಳಿಯುತ್ತಾನೆ. ಮಂಟೋ ಟಾರ್ಚನ್ನು ಕಸಿದು ನಮ್ಮ ಕಡೆಗೆ ತಿರುಗಿಸುತ್ತಾರೆ. ಗುಲಾಮ್ ಅಬ್ಬಾಸರ 'ಆನಂದಿ' ಇನ್ನೊಂದು ಬಗೆಯದು. ಪುರಸಭೆ ವೇಶ್ಯೆಯರನ್ನು ಊರಾಚೆಗೆ ಹಾಕುತ್ತದೆ. ಅವರ ಸುತ್ತ ಅಂಗಡಿ ಮುಂಗಟ್ಟು ಎದ್ದು ಹೊಸ ಊರೇ ಆಗುತ್ತದೆ. ಆ ಊರಿನ ಪುರಸಭೆ ಮತ್ತೆ ಅವರನ್ನು ಹೊರಹಾಕುವ ಚರ್ಚೆಗೆ ಕೂರುತ್ತದೆ. ಬೇಡಿಕೆ ಊರಿನೊಳಗೇ ಇರುವಾಗ ಅಪಾಯವನ್ನು ಊರಾಚೆ ಇಡಲಾಗದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಆರೋಗ್ಯ ಇಲಾಖೆಯ ವರದಿಯೂ ಹೇಳಿಲ್ಲ.

ಕನ್ನಡದಲ್ಲಿ ಅನಕೃ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದಾಗ ಅಶ್ಲೀಲವೆಂಬ ಗದ್ದಲವೆದ್ದಿತು. ಅವರು ಅದಕ್ಕೆ ಒಂದು ಪುಸ್ತಕದಷ್ಟು ಉತ್ತರ ಕೊಡಬೇಕಾಯಿತು. ಕಾರಂತರು 'ಮೈಮನಗಳ ಸುಳಿಯಲ್ಲಿ' ಬರೆದು ಅವಳಿಗೂ ಒಂದು ಒಳಬದುಕು ಇದೆಯೆಂದು ತೋರಿಸಿದರು. ಇವು ದಿಟ್ಟ ಕೆಲಸಗಳು. ಆದರೆ ನಮ್ಮ ಬಹುಪಾಲು ಕಥೆ, ಸಿನಿಮಾಗಳು ಅವಳಿಗೆ ಎರಡೇ ದಾರಿ ಬಿಟ್ಟಿವೆ. ಒಂದೋ ಅವಳು ತ್ಯಾಗಮಯಿ, ಇಲ್ಲವೇ ರೋಗದ ಕೊಂಪೆ. ಎರಡರಲ್ಲೂ ಕೊನೆಗೆ ಅವಳು ಸಾಯಬೇಕು. ಇದನ್ನು ಬೇರೆಯವರ ಮೇಲೆ ಹೊರಿಸಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ನನ್ನ ಮೊದಲ ಕಥೆಗಳಲ್ಲೊಂದರಲ್ಲಿ ಇಂಥ ಹೆಂಗಸೊಬ್ಬಳು ದರ್ಗಾದ ಮೆಟ್ಟಿಲ ಮೇಲೆ ರೋಗದಿಂದ ಸಾಯುತ್ತಾಳೆ. ಓದಿದವರು ಅತ್ತರು, ನಾನು ಹಿಗ್ಗಿದೆ. ಅವಳಿಗೆ ರೋಗ ಯಾವುದು, ಯಾರು ಕೊಟ್ಟದ್ದು, ಒಂದು ಪೆನಿಸಿಲಿನ್ ಇಂಜೆಕ್ಷನ್ನಿನಿಂದ ಬದುಕುತ್ತಿದ್ದಳೇ ಎಂದು ನಾನು ಯೋಚಿಸಿರಲಿಲ್ಲ. ಆರಂಭದ ಹಂತದ ಸಿಫಿಲಿಸ್ ಒಂದೇ ಸಲದ ಬೆಂಜಥೀನ್ ಪೆನಿಸಿಲಿನ್ನಿನಿಂದ ವಾಸಿಯಾಗುತ್ತದೆ. ನನ್ನ ಕಥೆಗೆ ಅವಳ ಸಾವು ಬೇಕಿತ್ತು, ಅಷ್ಟೆ.

ಹಾಗಾದರೆ ಪರೀಕ್ಷೆಯೇ ಬೇಡವೇ? ಅಂಥ ಮಾತು ಹೊಟ್ಟೆ ತುಂಬಿದವರ ಕ್ರಾಂತಿಯಾಗುತ್ತದೆ. ಲಕ್ಷಣವಿಲ್ಲದ ಸೋಂಕನ್ನು ಪರೀಕ್ಷೆಯಲ್ಲದೆ ಇನ್ನಾವುದೂ ಹಿಡಿಯದು. ಪ್ರಶ್ನೆ ಇರುವುದು ಪರೀಕ್ಷೆ ಯಾರ ಕೈಯಲ್ಲಿದೆ ಎಂಬುದರಲ್ಲಿ. ಇದಕ್ಕೆ ನಮ್ಮಲ್ಲೇ ಉತ್ತರವಿದೆ. 1992ರಲ್ಲಿ ಕೋಲ್ಕತ್ತಾದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ, ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಮುಂದೆ ಅವರೇ ದರ್ಬಾರ್ ಎಂಬ ಸಂಘಟನೆ ಕಟ್ಟಿದರು. ಅದೇ ದಾರಿಯ ಕೆಲಸ 2004ರಿಂದ ಮೈಸೂರಿನಲ್ಲಿ ನಡೆದು ಅಶೋದಯ ಸಮಿತಿಯಾಯಿತು. ಗೇಟ್ಸ್ ಫೌಂಡೇಶನ್ನಿನ 'ಆವಾಹನ್' ಯೋಜನೆಯ ಹಣ, ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದವರ ತಜ್ಞತೆ ಅದರ ಹಿಂದಿತ್ತು. ಆದರೆ ಬೀದಿಬೀದಿ ತಿರುಗಿದವರು, ಪೊಲೀಸರ ಹಿಂಸೆಗೆ ಎದುರು ನಿಂತವರು, ಕ್ಲಿನಿಕ್ಕಿಗೆ ಗೆಳತಿಯರನ್ನು ಕೈಹಿಡಿದು ಕರೆತಂದವರು ಆ ಹೆಣ್ಣುಮಕ್ಕಳೇ.

ಫಲವೇನು? 2004ರಲ್ಲಿ ಮೈಸೂರಿನಲ್ಲಿ ಪರೀಕ್ಷಿಸಿದ ಈ ಹೆಣ್ಣುಮಕ್ಕಳಲ್ಲಿ ನೂರಕ್ಕೆ 25 ಜನರಿಗೆ ಸಿಫಿಲಿಸ್ ಇತ್ತು. 2006ರಲ್ಲಿ ಅದು 12ಕ್ಕೆ ಇಳಿದಿತ್ತು. ಟ್ರೈಕೊಮೋನಾಸ್ 33ರಿಂದ 14ಕ್ಕೆ, ಕ್ಲಮೈಡಿಯಾ 11ರಿಂದ 5ಕ್ಕೆ, ಗೊನೋರಿಯಾ 5ರಿಂದ 2ಕ್ಕೆ ಬಂದಿದ್ದವು. ಎರಡೇ ವರ್ಷದಲ್ಲಿ ಇಷ್ಟು ಇಳಿತ ಬರೀ ಗುಳಿಗೆಯಿಂದ ಆಗುವಂಥದ್ದಲ್ಲ. ಹಿಂಸೆಗೂ ರೋಗಕ್ಕೂ ಇರುವ ನಂಟನ್ನು 2010ರಲ್ಲಿ ಪ್ರಕಟವಾದ ಕರ್ನಾಟಕದ ಇನ್ನೊಂದು ಅಧ್ಯಯನ ತೋರಿಸಿತು. ಹೊಡೆತ, ಬಲಾತ್ಕಾರಕ್ಕೆ ಒಳಗಾದವರಲ್ಲಿ ಕಾಂಡೋಮ್ ಬಳಕೆ ಕಡಿಮೆಯಿತ್ತು, ಗೊನೋರಿಯಾ ಹೆಚ್ಚಿತ್ತು, ಕ್ಲಿನಿಕ್ಕಿಗೆ ಬರುವುದೂ ಕಡಿಮೆಯಿತ್ತು. ಎಂದರೆ ಲಾಠಿ ಕೂಡ ರೋಗದ ಒಂದು ಕಾರಣ. 1868ರ ಕಾಯ್ದೆ ಬಲವಂತದಿಂದ ರೋಗ ತಡೆಯಲು ಹೊರಟಿತ್ತು. ಬಲವಂತ ಇದ್ದಲ್ಲಿ ರೋಗ ಅಡಗುತ್ತದೆ, ನಂಬಿಕೆ ಇದ್ದಲ್ಲಿ ಹೊರಬರುತ್ತದೆ ಎಂಬುದನ್ನು ಮೈಸೂರಿನ ಹೆಣ್ಣುಮಕ್ಕಳು ತೋರಿಸಿಕೊಟ್ಟರು.

ಆದರೂ ನನ್ನದೊಂದು ತಕರಾರಿದೆ. ಹೋದ ವರ್ಷ ಇಂಥ ಕೆಲಸ ಮಾಡುವ ಹೆಂಗಸೊಬ್ಬರು ನಮ್ಮ ಕಡೆ ಸಿಕ್ಕಿದ್ದರು. ಮಳೆ ನಂಬಿ ಶೇಂಗಾ ಹಾಕಿ ಕೈಸುಟ್ಟುಕೊಂಡ ಸಂಸಾರದಿಂದ ಬಂದವರು. ನಮ್ಮ ಮದಲೂರು ಕೆರೆಗೆ ಹೇಮಾವತಿ ನೀರು ತುಂಬಿಸುವುದೇ 2020ರ ಶಿರಾ ಉಪಚುನಾವಣೆಯ ದೊಡ್ಡ ಮಾತಾಗಿತ್ತು ಎಂದರೆ ಈ ಸೀಮೆಯ ನೀರಿನ ಕತೆ ಓದುಗರಿಗೆ ತಿಳಿಯುತ್ತದೆ. ನೀರಿಲ್ಲದ ಊರಿನ ಹೆಂಗಸರು ಬೆಂಗಳೂರಿಗೂ ಹೋಗುತ್ತಾರೆ, ಹೆದ್ದಾರಿಗೂ ಬರುತ್ತಾರೆ. ಆಕೆ ಹೇಳಿದರು: 'ನಮ್ಮನ್ನ ಮೂರು ತಿಂಗಳಿಗೊಂದು ಸಲ ನೋಡ್ತಾರೆ ಕಣಕ್ಕ. ಆರು ತಿಂಗಳಿಗೊಂದು ಸಲ ರಕ್ತ ತಗೀತಾರೆ. ಬೇಡ ಅನ್ನಲ್ಲ, ನಮ್ಮ ಒಳ್ಳೇದಕ್ಕೇ. ಆದ್ರೆ ನಮ್ಮತ್ರ ಬರೋರನ್ನ ಯಾರು ನೋಡ್ತಾರೆ? ಅವರ ಹೆಂಡ್ರನ್ನ ಯಾರು ನೋಡ್ತಾರೆ?' ಲಾರಿಯವರಿಗಾಗಿಯೂ ಕಾರ್ಯಕ್ರಮಗಳು ಇದ್ದವು, ಹೆದ್ದಾರಿಯಲ್ಲಿ ಕ್ಲಿನಿಕ್ಕುಗಳೂ ನಡೆದವು ಎಂದೆ. 'ಇದ್ವು. ಅವರು ಬಂದ್ರೆ ಬಂದ್ರು, ಇಲ್ದಿದ್ರೆ ಇಲ್ಲ. ನಮ್ಮನ್ನ ಹುಡುಕ್ಕೊಂಡು ಬಂದಂಗೆ ಅವರ ಮನೆಗೆ ಯಾರೂ ಹೋಗಲ್ಲ' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಕೆಯ ಪ್ರಶ್ನೆಯಲ್ಲೇ ನಾವು ಮಾಡಬೇಕಾದ ಕೆಲಸವಿದೆ. ಮನೆ ಹೆಂಗಸಿಗೆ ಈ ಪರೀಕ್ಷೆಯ ಯೋಗ ಬರುವುದು ಹೆಚ್ಚಾಗಿ ಬಸುರಿಯಾದಾಗ. ಆಗ ಎಚ್.ಐ.ವಿ.ಗೂ ಸಿಫಿಲಿಸ್‌ಗೂ ರಕ್ತ ನೋಡುತ್ತಾರೆ. ಅದು ಮಗುವಿಗಾಗಿ. ಅವಳಿಗಾಗಿಯೇ ಅವಳನ್ನು ನೋಡುವ ದಿನ ಬರಬೇಕು. ಅದಕ್ಕೆ ವೇಷ ಓದುವ ಕಣ್ಣಿನ ಬದಲು ತಾಲೂಕು ಆಸ್ಪತ್ರೆಯಲ್ಲಿ ನಿಜವಾದ ಪ್ರಯೋಗಾಲಯ ಬೇಕು, ಪರದೆ ಇರುವ ಕೋಣೆ ಬೇಕು, ಮೆಲ್ಲಗೆ ಕೇಳುವ ದನಿ ಬೇಕು. ಹೆಂಡತಿಯ ಜತೆ ಗಂಡನಿಗೂ ಔಷಧಿ ಕೊಡಬೇಕೆಂಬುದು ಮಾರ್ಗಸೂಚಿಯಲ್ಲಿದೆ. ಅವನನ್ನು ಕರೆತರುವ ಭಾರ ಮಾತ್ರ ಅವಳ ಮೇಲೇ ಬಿದ್ದಿದೆ. ಕರೆದರೆ ಏಟು ತಿನ್ನಬೇಕಾದವಳು ಹೇಗೆ ಕರೆದಾಳು?

ಕಾನೂನು ತುಸು ಮುಂದೆ ನಡೆದಿದೆ. 2017ರ ಎಚ್.ಐ.ವಿ. ಕಾಯ್ದೆ, ತಿಳಿಸಿ ಒಪ್ಪಿಗೆ ಪಡೆಯದೆ ಆ ಪರೀಕ್ಷೆ ಮಾಡಬಾರದು ಎಂದಿತು. 2022ರ ಮೇ 19ರಂದು ಸುಪ್ರೀಂ ಕೋರ್ಟು, ಲೈಂಗಿಕ ವೃತ್ತಿಯವರಿಗೂ ಘನತೆಯಿಂದ ಬದುಕುವ ಹಕ್ಕಿದೆ, ಅವರ ಬಳಿ ಕಾಂಡೋಮ್ ಇರುವುದನ್ನು ಅಪರಾಧದ ಸಾಕ್ಷಿ ಮಾಡಕೂಡದು ಎಂದು ನಿರ್ದೇಶಿಸಿತು. ಒಪ್ಪಿಗೆಯ ಈ ತತ್ವವನ್ನು ಉಳಿದ ಲೈಂಗಿಕ ರೋಗಗಳ ಪರೀಕ್ಷೆಗೂ ವಿಸ್ತರಿಸಿ 1986ರ ಆ ತಿದ್ದುಪಡಿಯನ್ನು ಮರುಪರಿಶೀಲಿಸುವುದು ನ್ಯಾಯ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಭಾಭಿ ಹುಷಾರಾದಳು. ಮತ್ತೆ ಅವಳಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಎಲ್ಲರೂ ಅವಳ ಮೈಯೇ ಸರಿಯಿಲ್ಲ ಎಂದರು. ನನಗೆ ಗೊತ್ತಿತ್ತು, ನಾನು ಬಾಯಿಬಿಡಲಿಲ್ಲ. ಅಣ್ಣ ಈದ್‌ಗೆ ಮನೆಗೆ ಬಂದಾಗಲೆಲ್ಲ ಅವನ ಪಕ್ಕ ಕೂತು ಉಂಡಿದ್ದೇನೆ. ಡಾಕ್ಟರು ಕರೆದಾಗ ನೀನು ಯಾಕೆ ಬರಲಿಲ್ಲ ಎಂದು ಒಂದು ಸಲವೂ ಕೇಳಿಲ್ಲ. ಅಪರಿಚಿತ ಹೆಂಗಸೊಬ್ಬಳನ್ನು ದಿನಕ್ಕೆ ಎಷ್ಟು ಜನ ಎಂದು ಬಾಗಿಲಾಚೆಗೆ ಕೇಳುವಂತೆ ಕೇಳಬಲ್ಲ ಸಮಾಜ ನಮ್ಮದು. ನಮ್ಮ ಮನೆಯ ಗಂಡಸನ್ನು ಮೆಲುದನಿಯಲ್ಲಿ ಕೇಳುವುದೂ ನಮ್ಮಿಂದಾಗುವುದಿಲ್ಲ. ತಪಾಸಣೆ ಆರಂಭವಾಗಬೇಕಾದದ್ದು ಆ ಪ್ರಶ್ನೆಯಿಂದ. ಈ ಸಲ ಅಣ್ಣ ಬಂದಾಗ ಕೇಳಬೇಕೆಂದಿದ್ದೇನೆ.